ಹಬೆ ಕುಡಿದ ಹುಲಿ

ನವರಾತ್ರಿ ಶುರುವಾದ ಮೇಲೆ ಅತ್ತಾವರದ ಆ ಓಣಿಯಲ್ಲಿ ಎರಡೇ ಸದ್ದು. ಓಣಿಯ ತುದಿಯ ಖಾಲಿ ಜಾಗದಲ್ಲಿ ಹುಲಿವೇಷದ ಹುಡುಗಿಯರು ಅಭ್ಯಾಸ ಮಾಡುವಾಗಿನ ತಾಸೆ ವಾದ್ಯದ ಬಡಿತ ಒಂದು, ಬಾಗಿಯ ಮನೆಯೊಳಗಿಂದ ಬರುವ ‘ಸುಯ್ಯ್’ ಇನ್ನೊಂದು. ತಾಸೆಯಾದರೂ ಸಂಜೆ ಮಾತ್ರ ಕೇಳಿಸುತ್ತಿತ್ತು. ಈ ಸುಯ್ಯ್ ಎನ್ನುವುದಕ್ಕೆ ಹೊತ್ತುಗೊತ್ತು ಇರಲಿಲ್ಲ. ಇಷ್ಟು ಹೊತ್ತು ಕುಕ್ಕರಿನಲ್ಲಿ ಬೇಯುವಂಥದ್ದು ಏನಿರಬಹುದು ಎಂದು ಪಕ್ಕದ ಮನೆಯ ಸಫಿಯಾ ಬಂದು ಇಣುಕಿದರೆ, ಬಾಗಿ ನೈಟಿಯ ಮೇಲೆ ಟವೆಲು ಹೊದ್ದು, ಕೈಯಲ್ಲೊಂದು ಹಳದಿ ಯಂತ್ರ ಹಿಡಿದು, ಬಚ್ಚಲಿನ ಗೋಡೆಗೆ ಗುರಿಯಿಟ್ಟು ನಿಂತಿದ್ದಳು.

“ಎಂತ ಬಾಗಿಯಕ್ಕ ಇದು?”

“ಹಬೆ ಮಿಷಿನು. ಹಿತೇಶ್ ಕಳಿಸಿದ್ದು. ಸ್ವಲ್ಪ ಹಿಂದೆ ನಿಲ್ಲು, ಮುಖಕ್ಕೆ ಬಂದರೆ ಸುಡ್ತದೆ.”

ಹಿತೇಶ್ ಬಾಗಿಯ ಮಗ, ಮಸ್ಕತ್ತಿನಲ್ಲಿ ಕೆಲಸ. ಮಳೆಗಾಲ ಮುಗಿದ ಮೇಲೆ ಮನೆಯ ಬೂಷ್ಟು ತಿಕ್ಕಿ ತಿಕ್ಕಿ ಅಮ್ಮನ ಭುಜ ಹಿಡಿದುಕೊಳ್ಳುತ್ತದೆ ಎಂದು, ರಜೆಗೆ ಬರುತ್ತಿದ್ದ ಗೆಳೆಯ ಆಲ್ವಿನ್‌ನ ಕೈಯಲ್ಲಿ ಈ ಯಂತ್ರ ಕೊಟ್ಟು ಕಳಿಸಿದ್ದ. ಆಲ್ವಿನ್ ಬಜಪೆ ವಿಮಾನ ನಿಲ್ದಾಣದಲ್ಲಿ ಇಳಿದವನು ತನ್ನ ಮನೆಗೂ ಹೋಗದೆ ನೇರ ಇಲ್ಲಿಗೆ ಬಂದು ಕೊಟ್ಟು ಹೋಗಿದ್ದ. ನೋಡಲಿಕ್ಕೆ ಚಹಾದ ಕೆಟಲಿಗೆ ಸೊಂಡಿಲು ಬಂದ ಹಾಗಿತ್ತು. ಹೊಟ್ಟೆಗೆ ಒಂದು ಲೋಟ ನೀರು ಹೊಯ್ದು, ಮುಚ್ಚಳ ಬಿಗಿಯಾಗಿ ತಿರುಗಿಸಿ, ಪ್ಲಗ್ಗು ಹಾಕಿ ಕಾಯಬೇಕು. ಕೆಂಪು ದೀಪ ಹಸಿರಾದ ಮೇಲೆ ಗುಂಡಿ ಒತ್ತಿದರೆ ಸೊಂಡಿಲಿನಿಂದ ಬಿಳಿ ಹಬೆ ಹೊರಡುತ್ತದೆ. ಅಷ್ಟೇ ಅದರ ಕತೆ. ಆದರೆ ಬಾಗಿಗೆ ಅದು ಅಷ್ಟೇ ಆಗಿರಲಿಲ್ಲ.

ಮಂಗಳೂರಿನ ಮಳೆಗಾಲ ಕಂಡವರಿಗೆ ಬೂಷ್ಟಿನ ವಿಷಯ ಹೇಳಬೇಕಾಗಿಲ್ಲ. ಕಪಾಟಿನ ಒಳಗಿನ ಬೆಲ್ಟು, ಮದುವೆಗೆಂದು ತೆಗೆದಿಟ್ಟ ಚಪ್ಪಲಿ, ಗೋಡೆಯ ಮೂಲೆ, ಮರದ ಮಣೆ, ಯಾವುದನ್ನೂ ಅದು ಬಿಡುವುದಿಲ್ಲ. ಒರೆಸಿದರೆ ಹೋದ ಹಾಗೆ ಮಾಡಿ ಮತ್ತೆರಡು ದಿನಕ್ಕೆ ಬಂದು ಕೂರುತ್ತದೆ, ಕರೆಯದ ನೆಂಟರ ಹಾಗೆ. ಬಾಗಿ ಅದರೊಡನೆ ಮದುವೆಯಾಗಿ ಬಂದಂದಿನಿಂದ ಜಗಳಾಡಿ ಸೋತವಳು. ಈಗ ಟೈಲ್ಸಿನ ಸಂದಿಗೆ ಸೊಂಡಿಲು ಹಿಡಿದು ಒತ್ತಿದರೆ, ವರ್ಷಗಟ್ಟಲೆಯ ಕಪ್ಪು ಕರಗಿ ಕಣ್ಣೆದುರೇ ಇಳಿದು ಹೋಗುತ್ತದೆ! ಆಹಾ, ಆ ಸುಖವನ್ನು ಏನೆಂದು ಹೇಳುವುದು? ಒಂದು ಗೆರೆ ಬೆಳ್ಳಗಾದರೆ ಪಕ್ಕದ ಗೆರೆ ಕರೆಯುತ್ತದೆ. ಬಚ್ಚಲು ಮುಗಿದರೆ ಗ್ಯಾಸಿನ ಒಲೆ, ಒಲೆ ಮುಗಿದರೆ ಕಿಟಕಿಯ ಸೊಳ್ಳೆಬಲೆ, ಅದೂ ಮುಗಿದರೆ ಫ್ಯಾನಿನ ರೆಕ್ಕೆ. ಸಫಿಯಾ ಕೂಡ ಮನೆಗೆ ಓಡಿ, ಬಿರಿಯಾನಿ ಪಾತ್ರೆಯ ಸೀದ ಮುಚ್ಚಳ ಹಿಡಿದುಕೊಂಡು ಬಂದಳು. ಇಬ್ಬರೂ ಸೇರಿ ಅದಕ್ಕೆ ಹಬೆ ಹೊಡೆದು ಹೊಡೆದು, ಕೊನೆಗೆ ಅದರಲ್ಲಿ ತಮ್ಮ ಮುಖ ಕಂಡು ನಕ್ಕರು.

ಬಾಗಿಯ ಗಂಡ ಜಯ ಆಟೋ ಓಡಿಸುವವನು. ಒಂದು ಬೆಳಗ್ಗೆ ಅವನು ಚಹಾ ಕುಡಿಯುವಷ್ಟರಲ್ಲಿ ಬಾಗಿ ಆಟೋಕ್ಕೂ ಹಬೆ ಹಿಡಿದಳು. ಸೀಟು ಹೊಸದಾಯಿತು, ಗಾಜು ಫಳಫಳ ಹೊಳೆಯಿತು. ಆದರೆ ಹಿಂದೆ ದೊಡ್ಡ ಅಕ್ಷರದಲ್ಲಿ ಅಂಟಿಸಿದ್ದ ಮಗಳ ಹೆಸರು ಸಿಪ್ಪೆಯ ಹಾಗೆ ಎದ್ದು ನೆಲಕ್ಕೆ ಬಿತ್ತು.

“ಚಂದ ಆಯ್ತು,” ಎಂದ ಜಯ. “ಇನ್ನು ನಾನೊಬ್ಬ ಬಾಕಿ. ನನಗೂ ಒಮ್ಮೆ ಹಿಡಿದುಬಿಡು ಮಾರಾಯ್ತಿ.”

“ನಿಮಗೆ ಇಷ್ಟು ಹಬೆ ಸಾಕಾಗ್ಲಿಕ್ಕಿಲ್ಲ,” ಎಂದಳು ಬಾಗಿ.

ಅಂಟಿಗೂ ಹಬೆಗೂ ಆಗಿಬರುವುದಿಲ್ಲ ಎಂದು ಅವಳಿಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಹುಮ್ಮಸ್ಸಿನಲ್ಲಿ ಇರುವವರಿಗೆ ಅಂಥದ್ದೆಲ್ಲ ಎಲ್ಲಿ ಹೊಳೆಯುತ್ತದೆ?

ಈಗ ಹುಲಿಮಂಡೆಯ ವಿಷಯ ಹೇಳಬೇಕು. ಅದಿಲ್ಲದೆ ಈ ಕತೆಯೇ ಇಲ್ಲ.

ಬಾಗಿಯ ತವರು ಹೊಳೆಯಾಚೆಯ ಬೆಂಗ್ರೆ. ಅವಳ ಅಪ್ಪ ಬಲೆ ಹೆಣೆಯುವವನು, ವರ್ಷಕ್ಕೊಮ್ಮೆ ಹುಲಿ. ದಸರಾ ಬಂತೆಂದರೆ ಮೈಗೆಲ್ಲ ಬಣ್ಣ ಹೊಯ್ದುಕೊಂಡು ದೋಣಿ ಹತ್ತಿ ಪೇಟೆಗೆ ಬರುತ್ತಿದ್ದ. ತಲೆಗೆ ಇಡುವ ಹುಲಿಮಂಡೆಯನ್ನು ಅವನು ತಾನೇ ಮಾಡಿದ್ದ. ಹಳೆಯ ಪೇಪರು, ಹತ್ತಿ ಬಟ್ಟೆ, ಹುಣಸೆಬೀಜ ಅರೆದು ಕುದಿಸಿದ ಅಂಟು, ಇವುಗಳನ್ನು ಪದರ ಪದರ ಕೂಡಿಸಿ, ಒಳಗೆ ಬಲೆಯ ನೂಲಿನಿಂದ ಹೊಲಿದು, ಮೇಲೆ ಕುರಿಯ ಉಣ್ಣೆಗೆ ಹಳದಿ ಕಪ್ಪು ಬಣ್ಣ ಹಾಕಿ ಕೂರಿಸಿದ್ದ. ಅವನು ತೀರಿಕೊಂಡ ಮೇಲೆ ಅಣ್ಣಂದಿರು ದೋಣಿ ತೆಗೆದುಕೊಂಡರು, ಬಾಗಿ ಹುಲಿಮಂಡೆ ತೆಗೆದುಕೊಂಡಳು.

ತೆಗೆದುಕೊಂಡದ್ದಕ್ಕೆ ಕಾರಣವಿತ್ತು. ಮಗಳು ನಿರೀಕ್ಷಾ ಎರಡು ವರ್ಷದವಳಿದ್ದಾಗ ಜ್ವರ ಮಂಡೆಗೇರಿ, ಕಣ್ಣು ಬಿಡದೆ ಆಸ್ಪತ್ರೆಯಲ್ಲಿ ಮಲಗಿದ್ದಳು. ಅಂದು ಬಾಗಿ ಮಂಗಳಾದೇವಿಗೆ ಕೈಮುಗಿದು, “ಅಮ್ಮಾ, ಮಗು ಎದ್ದು ಕೂತರೆ ಅಪ್ಪನ ಹುಲಿಮಂಡೆ ಅವಳ ತಲೆಗೆ ಇಟ್ಟು ನಿನ್ನೆದುರು ಕುಣಿಸ್ತೇನೆ” ಎಂದು ಹರಕೆ ಹೇಳಿದ್ದಳು. ಮಗು ಎದ್ದು ಕೂತಿತು. ಆದರೆ ಹುಡುಗಿಯರು ಹುಲಿ ಹಾಕುವ ಕಾಲ ಅದಾಗಿರಲಿಲ್ಲ. ತಂಗಿಯ ಬದಲಿಗೆ ಅಣ್ಣ ಕುಣಿಯಲಿ ಎಂದು ಎಲ್ಲರೂ ಹೇಳಿದರು. “ನಾನು ಹೇಳಿದ್ದು ಮಗಳ ಹೆಸರಲ್ಲಿ. ದೇವರ ಹತ್ತಿರ ಈ ಅದಲು ಬದಲು ಎಲ್ಲ ನಡಿಯುದಿಲ್ಲ” ಎಂದು ಬಾಗಿ ಹಟ ಹಿಡಿದು ಕಾದಳು. ಕಾದದ್ದಕ್ಕೆ ಈ ವರ್ಷ ಓಣಿಯಲ್ಲಿ ಹುಡುಗಿಯರದ್ದೇ ಒಂದು ತಂಡ ಎದ್ದಿತು. ನರ್ಸಿಂಗ್ ಓದುತ್ತಿದ್ದ ನಿರೀಕ್ಷಾ ಮೊದಲ ದಿನವೇ ಹೋಗಿ ಸೇರಿದಳು. ಆ ದಿನ ಬಾಗಿ ನೆಲದ ಮೇಲೆ ನಡೆಯಲಿಲ್ಲ ಎಂದರೆ ತಪ್ಪಲ್ಲ.

ತೊಡಕು ಬಂದದ್ದು ಅಭ್ಯಾಸದಲ್ಲಿ. ಅಜ್ಜನ ತಲೆ ದೊಡ್ಡದು, ಮೊಮ್ಮಗಳದ್ದು ಸಣ್ಣದು. ಒಳಗೆ ಬಟ್ಟೆ ತುರುಕಿದರು, ಗಲ್ಲದ ಕೆಳಗೆ ಪಟ್ಟಿ ಬಿಗಿದರು, ಏನು ಮಾಡಿದರೂ ಪಲ್ಟಿ ಹೊಡೆಯುವಾಗ ಹುಲಿಮಂಡೆ ಜಾರಿ ಕಣ್ಣಿಗೆ ಬರುತ್ತಿತ್ತು. ತಂಡದ ಹಿರಿಯ ಐತಪ್ಪಣ್ಣ ಒಳ್ಳೆಯವನೇ, ಆದರೆ ಈ ವಿಷಯದಲ್ಲಿ ಕಲ್ಲು.

“ಕಣ್ಣು ಮುಚ್ಚಿದರೆ ಹುಡುಗಿ ಕುತ್ತಿಗೆ ಮುರಿದುಕೊಳ್ತಾಳೆ ಬಾಗಿ. ನಾನು ಬಾಡಿಗೆಯ ಮಂಡೆ ಒಂದು ತಂದಿಡ್ತೇನೆ. ನಾಳೆ ಸಂಜೆ ಊದು ಪೂಜೆ. ಪೂಜೆಗೆ ಯಾವುದು ಇಡ್ತೇವೋ ಅದನ್ನೇ ಹಾಕಬೇಕು, ಆ ಮೇಲೆ ಬದಲು ಮಾಡ್ಲಿಕ್ಕಿಲ್ಲ. ನಿನ್ನದು ಸರಿ ಕೂತರೆ ತಾ. ಇಲ್ಲದಿದ್ದರೆ ಇಲ್ಲ.”

ಊದು ಪೂಜೆ ಎಂದರೆ ಬಣ್ಣಕ್ಕೆ ಕೂರುವ ಹಿಂದಿನ ಸಂಜೆ ಹುಲಿಮಂಡೆಗಳನ್ನೆಲ್ಲ ದೇವರೆದುರು ಇಟ್ಟು, ಧೂಪದ ಹೊಗೆ ಹಾಕಿ ಮಾಡುವ ಪೂಜೆ. ಅಂದರೆ ಬಾಗಿಗೆ ಉಳಿದದ್ದು ಒಂದೇ ಹಗಲು. ಬಾಡಿಗೆಯ ಮಂಡೆಯಲ್ಲಿ ಮಗಳು ಕುಣಿದರೆ ಕುಣಿತವೇನೋ ಆದೀತು, ಹರಕೆ ತೀರೀತೇ? ಈ ಮಾತು ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು.

ಮರುದಿನ ಬೆಳಗ್ಗೆ ಅವಳು ಕಪಾಟಿನ ಮೇಲಿಂದ ಹುಲಿಮಂಡೆ ಇಳಿಸಿದಳು. ಸರಿ ಕೂರಿಸುವ ಉಪಾಯ ಆಮೇಲೆ ನೋಡೋಣ, ಪೂಜೆಗೆ ಹೋಗುವ ವಸ್ತು ಮೊದಲು ಶುದ್ಧವಾಗಲಿ ಎಂದು ಅವಳ ಲೆಕ್ಕ. ಉಣ್ಣೆಯೆಲ್ಲ ಚಪ್ಪಟೆಯಾಗಿ, ಕಿವಿಯ ಹಿಂದೆ ಬೂಷ್ಟು ಹಿಡಿದಿತ್ತು. ಯಂತ್ರವಂತೂ ಅಲ್ಲೇ ಹಸಿರು ದೀಪ ಹೊತ್ತಿಸಿ ಕೂತಿತ್ತು. ಇನ್ನೇನು ಬೇಕು?

ಹಿಡಿದಳು. ಬೂಷ್ಟು ಹೋಯಿತು. ಅಷ್ಟೇ ಅಲ್ಲ, ಸತ್ತು ಮಲಗಿದ್ದ ಉಣ್ಣೆ ಎದ್ದು ನಿಂತಿತು, ಬಣ್ಣ ಹೊಳೆಯಿತು, ಹುಲಿಗೆ ಜೀವ ಬಂತು. ಬಾಗಿಗೆ ಅಂಗೈಯಲ್ಲಿ ಕಚಗುಳಿ ಇಟ್ಟ ಹಾಗಾಯಿತು. ಹೊರಗೇ ಇಷ್ಟಿದ್ದರೆ ಒಳಗೆ ಎಷ್ಟಿರಬೇಡ ಎಂದು ಹುಲಿಮಂಡೆ ಮಗುಚಿ ಹಾಕಿ, ಸೊಂಡಿಲನ್ನು ಒಳಕ್ಕೆ ತೂರಿಸಿ ಗುಂಡಿ ಒತ್ತಿ ಹಿಡಿದಳು. ಬಿಡಲಿಲ್ಲ. ನೀರು ಮುಗಿದು ಯಂತ್ರ ಗುರುಗುಟ್ಟಿದರೆ, ತಣಿಯುವವರೆಗೆ ಕಾದು ಮತ್ತೆ ತುಂಬಿಸಿ ಮತ್ತೆ ಹಿಡಿದಳು.

ಮೊದಲು ಒಂದು ವಾಸನೆ ಎದ್ದಿತು. ತೆಂಗಿನೆಣ್ಣೆ, ಬೀಡಿ, ಉಪ್ಪುನೀರು ಮತ್ತು ಬೆವರು. ಬಾಗಿಯ ಕೈ ಅಲ್ಲೇ ನಿಂತಿತು. ಅದು ಅಪ್ಪನ ವಾಸನೆ. ಅವನು ಸತ್ತ ಮೇಲೆ ಎಲ್ಲೂ, ಯಾವ ಬಟ್ಟೆಯಲ್ಲೂ ಸಿಗದ ವಾಸನೆ. ಅವಳು ಕಣ್ಣು ಮುಚ್ಚಿ ಮುಖವನ್ನು ಹತ್ತಿರ ತಂದಳು.

ಕಣ್ಣು ಬಿಟ್ಟಾಗ ಹುಲಿಯ ಒಂದು ಕಿವಿ ಅವಳ ಕೈಯಲ್ಲಿತ್ತು. ಉಳಿದದ್ದು ಮಡಿಲಲ್ಲಿ ನೆನೆದ ಹಪ್ಪಳದಂತೆ ಕುಸಿಯುತ್ತಿತ್ತು. ಎತ್ತಿದರೆ ಹಣೆ ಒಳಗೆ ಹೋಯಿತು, ಹಣೆ ಒತ್ತಿದರೆ ಮೂತಿ ಓರೆಯಾಯಿತು. ಪದರದ ಅಂಟೆಲ್ಲ ಹಬೆ ಕುಡಿದು ಮೆತ್ತಗಾಗಿತ್ತು.

“ಅಯ್ಯೋ ದೇವೆರೇ,” ಎಂದು ಬಾಗಿ ನೆಲದ ಮೇಲೆ ಕೂತುಬಿಟ್ಟಳು.

ಆ ಹೊತ್ತಿಗೆ ಸರಿಯಾಗಿ ನಿರೀಕ್ಷಾ ತಾಸೆಯಿಲ್ಲದ ಬೆಳಗಿನ ಅಭ್ಯಾಸ ಮುಗಿಸಿ ಒಳಗೆ ಬಂದಳು. ಅಮ್ಮನ ಮುಖ, ಮಡಿಲಲ್ಲಿ ಸೊಟ್ಟ ಹುಲಿ, ಪಕ್ಕದಲ್ಲಿ ಯಂತ್ರ. ಹೇಳುವ ಅಗತ್ಯವೇ ಇರಲಿಲ್ಲ.

“ಎಂತ ಸಾವು ಅಮ್ಮ, ಅದಕ್ಕೂ ಹಿಡಿದಿಯಾ?”

“ಹಿಡಿದೆ,” ಎಂದಳು ಬಾಗಿ. ಕಣ್ಣಲ್ಲಿ ನೀರು ದಳದಳ ಇಳಿಯುತ್ತಿತ್ತು. “ಇಷ್ಟು ವರ್ಷ ಕಾದೆ ಮಗಾ. ಕಡೆಗೆ ನಾನೇ ನನ್ನ ಕೈಯಾರೆ ಹಾಳು ಮಾಡಿದೆ. ಇನ್ನು ಐತಪ್ಪಣ್ಣನ ಬಾಡಿಗೆ ಮಂಡೆಯೇ ಗತಿ. ಅಪ್ಪ ಇದ್ದಿದ್ದರೆ ಈಗ...”

ಅಪ್ಪ ಎಂದ ಕೂಡಲೇ ಬಾಗಿಯ ಮೂಗಿನಲ್ಲಿದ್ದ ವಾಸನೆ ಮತ್ತೆ ಎದ್ದಿತು. ಈ ವಾಸನೆ ಹೀಗೆ ಬಿಸಿಬಿಸಿಯಾಗಿ ಅವಳ ಮೂಗಿಗೆ ಬಂದದ್ದು ಇದೇ ಮೊದಲಲ್ಲ. ಎಲ್ಲಿ? ಬೆಂಗ್ರೆಯ ಬಚ್ಚಲಮನೆಯಲ್ಲಿ. ನೀರು ಕುದಿಯುವ ಹಂಡೆಯ ಮುಚ್ಚಳ ಸರಿಸಿ, ಅಪ್ಪ ಹುಲಿಮಂಡೆಯನ್ನು ಬೋರಲಾಗಿ ಹಬೆಗೆ ಹಿಡಿದು ನಿಂತಿರುತ್ತಿದ್ದ. ಪ್ರತಿ ವರ್ಷ, ಊದು ಪೂಜೆಯ ಬೆಳಗ್ಗೆ. ಆಮೇಲೆ ಅದನ್ನು ತಲೆಗೆ ಇಟ್ಟುಕೊಂಡು ಹೊಸ್ತಿಲಲ್ಲಿ ಕೂತರೆ ಮಧ್ಯಾಹ್ನದವರೆಗೆ ತೆಗೆಯುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ಅಮ್ಮ ಗಂಜಿ ಕೊಟ್ಟರೆ ಹುಲಿಯಾಗಿಯೇ ಕುಡಿಯುತ್ತಿದ್ದ. ಸಣ್ಣ ಬಾಗಿ ಎದುರು ಕೂತು ಕೇಕೆ ಹಾಕಿ ನಗುತ್ತಿದ್ದಳು. ತನ್ನನ್ನು ನಗಿಸಲಿಕ್ಕೆ ಅಪ್ಪ ಆಡುವ ಆಟ ಅದೆಂದೇ ಅವಳು ಇಷ್ಟು ವರ್ಷ ತಿಳಿದಿದ್ದಳು.

ಆಟವಲ್ಲ ಮಾರಾಯರೇ. ಅವನು ಹುಲಿಮಂಡೆಯನ್ನು ಮೆತ್ತಗೆ ಮಾಡಿ ತನ್ನ ತಲೆಗೆ ಕೂರಿಸಿಕೊಳ್ಳುತ್ತಿದ್ದ!

ಬಾಗಿ ನೆಗೆದು ಎದ್ದಳು. ಅಳು ಎಲ್ಲಿ ಹೋಯಿತೋ ಏನೋ.

“ನಿರೀಕ್ಷಾ, ಕೂತುಕೋ. ಹೊಸ್ತಿಲಲ್ಲಿ. ಬೆನ್ನು ನೆಟ್ಟಗೆ ಮಾಡು.”

“ಎಂತಕ್ಕೆ?”

“ಕೂತುಕೋ ಅಂದೆ. ಮೂತಿ ಅಲ್ಲಾಡಿಸಬೇಡ.”

ಮಗಳ ಕೂದಲು ಬಿಗಿದು ಕಟ್ಟಿ, ಮೇಲೆ ತೆಳುವಾದ ಹತ್ತಿಯ ಟವೆಲು ಸುತ್ತಿದಳು. ಹುಲಿಮಂಡೆಯ ಬಿಸಿ ಇಳಿದಿದೆಯೇ ಎಂದು ತನ್ನ ಕೆನ್ನೆಗೆ ಒತ್ತಿ ನೋಡಿದಳು. ಉಗುರುಬೆಚ್ಚಗಿತ್ತು. ಮೆಲ್ಲಗೆ ತಲೆಯ ಮೇಲೆ ಇಳಿಸಿ, ಹಣೆಯಿಂದ ಶುರುಮಾಡಿ ಎರಡೂ ಅಂಗೈಯಲ್ಲಿ ಒತ್ತುತ್ತ ಬಂದಳು. ಹೆಚ್ಚಾದ ಸುತ್ತಳತೆಯನ್ನು ಹಿಂಬದಿಯಲ್ಲಿ ಮಡಚಿ, ತವರಿನಿಂದ ತಂದಿಟ್ಟಿದ್ದ ಬಲೆಯ ನೂಲಿನಲ್ಲಿ ಹೊಲಿದಳು. ಕಿತ್ತುಬಂದ ಕಿವಿಯನ್ನೂ ಹೊಲಿದಳು. ಅವಸರದಲ್ಲಿ ಅದು ಸ್ವಲ್ಪ ಓರೆಯಾಗಿ ನಿಂತಿತು. ನಿಲ್ಲಲಿ, ಹುಲಿಗೆ ಕಿವಿ ಇದ್ದರಾಯಿತು. ಸಫಿಯಾ ಸದ್ದು ಕೇಳಿ ಬಂದವಳು ವಿಷಯ ತಿಳಿದು, ಹೋಗಿ ಕೂದಲು ಒಣಗಿಸುವ ಯಂತ್ರ ತಂದು ತಣ್ಣನೆಯ ಗಾಳಿ ಬಿಡತೊಡಗಿದಳು. ಒಳಗಿಂದ ಟೇಬಲ್ ಫ್ಯಾನೂ ಹೊಸ್ತಿಲಿಗೆ ಬಂತು.

ಜಯ ಊಟಕ್ಕೆಂದು ಬಂದಾಗ ಹೊಸ್ತಿಲಲ್ಲಿ ಒಂದು ಹುಲಿ ಕೂತು, ಇಬ್ಬರು ಹೆಂಗಸರಿಂದ ಗಾಳಿ ಹಾಕಿಸಿಕೊಳ್ಳುತ್ತ ಗಂಜಿ ಕುಡಿಯುತ್ತಿತ್ತು. ಅವನು ಆಟೋದಿಂದ ಇಳಿಯದೆ ಒಂದು ಕ್ಷಣ ನೋಡಿದ.

“ನನಗೆ ಊಟ ಹೊರಗೇ ಕೊಟ್ಟುಬಿಡು,” ಎಂದ. “ಒಳಗೆ ಬರ್ಲಿಕ್ಕೆ ಧೈರ್ಯ ಇಲ್ಲ.”

ಹುಲಿಗೆ ನಗು ತಡೆಯಲಾಗಲಿಲ್ಲ. “ನಗಬೇಡ, ಒಣಗ್ಲಿಲ್ಲ” ಎಂದು ಬಾಗಿ ಗದರಿದಳು. ಗದರುವಾಗ ಅವಳಿಗೂ ನಗು ಬಂತು.

ಸಂಜೆಗೆ ಹುಲಿಮಂಡೆ ಗಟ್ಟಿಯಾಯಿತು. ತಲೆಯಿಂದ ಬಿಡಿಸುವಾಗ ‘ಪಟ್’ ಎಂದು ಸಣ್ಣ ಸದ್ದು ಬಂತು. ಬಾಗಿ ತಿರುಗಿಸಿ ತಿರುಗಿಸಿ ನೋಡಿದಳು, ಏನೂ ಮುರಿದಿರಲಿಲ್ಲ. ನಿರೀಕ್ಷಾ ಮತ್ತೆ ಇಟ್ಟುಕೊಂಡು ತಲೆ ಕೊಡವಿದಳು. ಕದಲಲಿಲ್ಲ. ಆದರೂ ಪಲ್ಟಿ ಹೊಡೆಯದೆ ಏನನ್ನೂ ನಂಬುವ ಹಾಗಿರಲಿಲ್ಲ.

ಊದು ಪೂಜೆಯ ಜಾಗದಲ್ಲಿ ಧೂಪದ ಹೊಗೆ ಆಗಲೇ ತುಂಬಿತ್ತು. ಮಣೆಗಳ ಮೇಲೆ ಹುಲಿಮಂಡೆಗಳು ಸಾಲಾಗಿ ಕೂತಿದ್ದವು. ನಿರೀಕ್ಷಾಳ ಮಣೆಯ ಮೇಲೆ ಐತಪ್ಪಣ್ಣ ತಂದ ಬಾಡಿಗೆಯದ್ದು, ನೈಲಾನಿನ ಹೊಳೆಯುವ ಕೂದಲಿನದ್ದು, ಹಲ್ಲು ಕಿರಿಯುತ್ತಿತ್ತು. ಬಾಗಿಗೆ ಅದನ್ನು ಕಂಡರೆ ಮೈಯೆಲ್ಲ ಉರಿ.

“ಒಮ್ಮೆ ನೋಡಿ ಐತಪ್ಪಣ್ಣ,” ಎಂದಳು.

ಐತಪ್ಪಣ್ಣ ನಿರೀಕ್ಷಾಳ ತಲೆಯ ಮೇಲಿದ್ದ ಹುಲಿಮಂಡೆಯನ್ನು ಹಿಡಿದು ಎಡಕ್ಕೆ ಎಳೆದ, ಬಲಕ್ಕೆ ಎಳೆದ. ಹಿಂದಿನಿಂದ ಅಂಗೈಯಲ್ಲಿ ಒಂದು ಏಟು ಕೊಟ್ಟ. ಓರೆ ಕಿವಿಯನ್ನು ನೋಡಿ ಹುಬ್ಬು ಗಂಟಿಕ್ಕಿದ. ಆಮೇಲೆ ತಾಸೆ ಬಡಿಯುವ ಅದ್ದುವಿನ ಕಡೆ ತಿರುಗಿ ಗಲ್ಲ ಎತ್ತಿದ. ಅದ್ದು ಕೋಲು ಎತ್ತಿದ್ದೇ ತಡ, ಓಣಿಯೇ ನಡುಗುವ ಹಾಗೆ ತಾಸೆ ಶುರುವಾಯಿತು.

ನಿರೀಕ್ಷಾ ಎರಡು ಹೆಜ್ಜೆ ಹಿಂದೆ ಹೋದಳು. ಓಡಿ ಬಂದಳು. ಕೈ ನೆಲಕ್ಕೆ ಊರಿತು, ಕಾಲು ಆಕಾಶಕ್ಕೆ ಹೋಯಿತು, ಪಲ್ಟಿ. ಹುಲಿ ಕಾಲ ಮೇಲೆ ಇಳಿದು ನಿಂತಾಗ ಎರಡು ಕಣ್ಣೂ ತೆರೆದೇ ಇದ್ದವು. ಮಂಡೆ ಕೂದಲೆಳೆಯಷ್ಟೂ ಜಾರಿರಲಿಲ್ಲ.

ಇನ್ನೊಮ್ಮೆ ಎಂದು ಐತಪ್ಪಣ್ಣ ಬೆರಳು ತೋರಿಸಿದ. ಇನ್ನೊಮ್ಮೆಯೂ ಆಯಿತು. ಅವನು ಹೋಗಿ ಬಾಡಿಗೆಯ ಮಂಡೆಯನ್ನು ಮಣೆಯಿಂದ ಎತ್ತಿ ಬದಿಗಿಟ್ಟ.

“ಹುಣಸೆ ಅಂಟಿನದ್ದಾ?” ಎಂದು ಕೇಳಿದ. “ಈಗ ಇದನ್ನು ಹಬೆಗೆ ಹಿಡಿಯುವವರು ಯಾರೂ ಇಲ್ಲ. ನಿನಗೆ ಯಾರು ಹೇಳಿಕೊಟ್ಟದ್ದು?”

“ಅಪ್ಪ,” ಎಂದಳು ಬಾಗಿ.

ಮರುದಿನ ಮೈತುಂಬ ಹಳದಿ ಕಪ್ಪು ಪಟ್ಟೆ ತೊಟ್ಟು, ಮುಖಕ್ಕೆ ಬಣ್ಣ ಬರೆಸಿಕೊಂಡು, ನಿರೀಕ್ಷಾ ದೇವಿಯ ಎದುರು ಕುಣಿದದ್ದನ್ನು ಹೇಗೆ ಹೇಳುವುದು? ಅದ್ದು ಅಂದು ಹುಚ್ಚು ಹಿಡಿದವನ ಹಾಗೆ ಬಡಿದ. ಹುಲಿ ನೆಲ ಮೂಸಿತು, ಬೆನ್ನು ಬಗ್ಗಿಸಿತು, ಹಾರಿತು, ಹಲ್ಲಿನಲ್ಲಿ ಕಚ್ಚಿ ಅಕ್ಕಿಯ ಗಂಟು ಎತ್ತಿ ಹಿಂದಕ್ಕೆ ಎಸೆಯಿತು. ಓರೆ ಕಿವಿ ಮಾತ್ರ ತಾಳಕ್ಕೆ ಸರಿಯಾಗಿ ಅಲ್ಲಾಡುತ್ತಿತ್ತು. ಜನರ ನಡುವೆ ಬಾಗಿಯ ಕಾಲು ತಾನಾಗಿ ಹುಲಿಯ ಹೆಜ್ಜೆ ಹಾಕತೊಡಗಿತು. ಪಕ್ಕದಲ್ಲಿ ಸಫಿಯಾ ಅವಳ ಕೈ ಬಿಗಿಯಾಗಿ ಹಿಡಿದುಕೊಂಡಿದ್ದಳು. ಮಸ್ಕತ್ತಿನಿಂದ ಹಿತೇಶ್ ವಿಡಿಯೋ ಕಾಲ್ ಮಾಡಿ, ಗದ್ದಲದಲ್ಲಿ ಕಿರುಚಿ ಕೇಳಿದ.

“ಅಮ್ಮ, ಮಿಷಿನು ಹೇಗುಂಟು? ಕೆಲಸ ಮಾಡ್ತದಾ?”

ಬಾಗಿ ಫೋನನ್ನು ಹುಲಿಯ ಕಡೆ ತಿರುಗಿಸಿದಳು. “ನೋಡು,” ಎಂದಳು. ಕುಣಿತ ಮುಗಿದು ಮಗಳು ದೇವಿಗೆ ಅಡ್ಡಬಿದ್ದಾಗ, ಬಾಗಿಯೂ ನಿಂತಲ್ಲೇ ಕೈಮುಗಿದಳು. ಮೈ ಹಗುರವಾಯಿತು.

ಮನೆಗೆ ಬಂದು ನಿರೀಕ್ಷಾ ಹುಲಿಮಂಡೆ ಬಿಚ್ಚಿ ಕೊಟ್ಟು ಸ್ನಾನಕ್ಕೆ ಓಡಿದಳು. ಒಳಗೆಲ್ಲ ಬೆವರು, ಪಸೆ ಹಿಡಿದು ಜಿಗಿಜಿಗಿ. ಜಯ ಇಣುಕಿ ನೋಡಿ ಮೂಗು ಸೊಟ್ಟಗೆ ಮಾಡಿದ. ಯಂತ್ರದ ಪ್ಲಗ್ಗನ್ನು ಅವನೇ ಹೋಗಿ ಸಿಕ್ಕಿಸಿದ.

“ತಕೋ. ನಿನ್ನ ಮಿಷಿನಿಗೆ ಭರ್ಜರಿ ಕೆಲಸ ಉಂಟು.”

ಬಾಗಿ ಹುಲಿಮಂಡೆಯೊಳಗೆ ಮುಖ ಇಟ್ಟು ಉಸಿರು ಎಳೆದಳು. ತೆಂಗಿನೆಣ್ಣೆ, ಬೀಡಿ, ಉಪ್ಪುನೀರು. ಅವುಗಳ ಮೇಲೆ ಮಗಳ ಹೊಸ ಬೆವರು. ಕೆಂಪು ದೀಪ ಹಸಿರಾಯಿತು. ಅವಳು ಎದ್ದು ಹೋಗಿ ಪ್ಲಗ್ಗು ಎಳೆದಳು.

“ಇದರ ಒಳಗೆ ಬೇಡ,” ಎಂದಳು. “ಇದು ಹೀಗೇ ಇರ್ಲಿ.”